ವಿದ್ಯುತ್ಕಾಂತೀಯ ಪಿಸ್ಟನ್ ಎಂಜಿನ್: ಶಕ್ತಿಯ ಸುಂಕ, ಹೂಡಿಕೆಯ ಲೆಕ್ಕ

ಅಂಕೋಲಾ–ಹುಬ್ಬಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 52ರಲ್ಲಿ (ಹಿಂದಿನ ಸಂಖ್ಯೆ 63) ಸುಂಕಸಾಳದ ಮೂಲಕ ಹಗಲಿರುಳೂ ಲಾರಿಗಳು ಸಾಗುತ್ತವೆ. ಕರಾವಳಿಯಿಂದ ಹೊರಟ ಸರಕು ಇಲ್ಲಿಂದ ಮುಂದೆ ಅರಬೈಲು ಘಟ್ಟವನ್ನೇರಿ ಯಲ್ಲಾಪುರ, ಹುಬ್ಬಳ್ಳಿಗಳನ್ನು ತಲುಪಬೇಕು. ಆ ಏರಿನಲ್ಲಿ ಉರಿಯುವ ಡೀಸೆಲ್ಲಿನ ವೆಚ್ಚವು ಅಂತಿಮವಾಗಿ ಸರಕಿನ ಬೆಲೆಯಲ್ಲಿಯೇ ಸೇರುತ್ತದೆ. ಆದುದರಿಂದ ಡೀಸೆಲ್ಲಿನ ಹಂಗಿಲ್ಲದೆ ನಡೆಯುವ ಎಂಜಿನ್ ಎಂಬ ಮಾತು ಈ ಭಾಗದ ವರ್ತಕರನ್ನೂ, ಅಕ್ಕಿ ಗಿರಣಿ, ಮಂಜುಗಡ್ಡೆ ಕಾರ್ಖಾನೆ, ಗ್ಯಾರೇಜುಗಳ ಮಾಲೀಕರನ್ನೂ ಆಕರ್ಷಿಸುವುದು ಸಹಜ.

ಇಂಥ ಪರ್ಯಾಯಗಳ ಪೈಕಿ ಆಗಾಗ ಕೇಳಿಬರುವ ಹೆಸರು ವಿದ್ಯುತ್ಕಾಂತೀಯ ಪಿಸ್ಟನ್ ಎಂಜಿನ್. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇದರ ಮಾದರಿಗಳನ್ನು ತಯಾರಿಸಿ ಪ್ರದರ್ಶಿಸುವುದುಂಟು. ಮಾದರಿ ತಿರುಗುತ್ತದೆ, ಹೊಗೆ ಇಲ್ಲ, ಸದ್ದೂ ಕಡಿಮೆ, ನೋಡಿದವರು ಮೆಚ್ಚುತ್ತಾರೆ. ಕಲಿಕೆಯ ದೃಷ್ಟಿಯಿಂದ ಇದು ಉತ್ತಮ ಪ್ರಯೋಗವೇ ಸರಿ. ಆದರೆ ಅಂಥ ಮಾದರಿಯನ್ನು ಮುಂದಿಟ್ಟು ಬಂಡವಾಳ ಕೇಳುವ ಪ್ರಸ್ತಾವ ಬಂದಾಗ ಅದು ತಿರುಗುತ್ತದೆಯೇ ಎಂದು ನೋಡಿದರೆ ಸಾಲದು. ಎಷ್ಟು ಖರ್ಚಿಗೆ ಎಷ್ಟು ಕೆಲಸ ದೊರೆಯುತ್ತದೆ ಎಂಬುದನ್ನು ಲೆಕ್ಕ ಹಾಕಬೇಕಾಗುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಸಾಮಾನ್ಯ ಎಂಜಿನ್ನಿನ ಸಿಲಿಂಡರಿನೊಳಗೆ ಇಂಧನ ಉರಿದು, ಬಿಸಿ ಅನಿಲದ ಒತ್ತಡವು ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನಿನ ಹಿಂದುಮುಂದಿನ ಚಲನೆಯನ್ನು ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಶಾಫ್ಟ್‌ಗಳು ಸುತ್ತು ಚಲನೆಯಾಗಿ ಮಾರ್ಪಡಿಸುತ್ತವೆ. ವಿದ್ಯುತ್ಕಾಂತೀಯ ಎಂಜಿನ್ನಿನಲ್ಲಿ ಈ ಭಾಗಗಳೆಲ್ಲ ಹಾಗೆಯೇ ಉಳಿಯುತ್ತವೆ. ಇಂಧನದ ಬದಲು ತಾಮ್ರದ ತಂತಿಯ ಸುರುಳಿಯೊಂದು ಕೆಲಸ ಮಾಡುತ್ತದೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಕಾಂತವಾಗಿ ಕಬ್ಬಿಣದ ಪಿಸ್ಟನ್ನನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ನಿಗೆ ಶಾಶ್ವತ ಕಾಂತವನ್ನು ಜೋಡಿಸಿದ್ದರೆ ತಳ್ಳಲೂಬಲ್ಲದು. ಶಾಫ್ಟ್ ಯಾವ ಕೋನದಲ್ಲಿದೆ ಎಂಬುದನ್ನು ಸಂವೇದಕವೊಂದು ತಿಳಿಸುತ್ತದೆ. ಅದಕ್ಕೆ ತಕ್ಕಂತೆ ಎಲೆಕ್ಟ್ರಾನಿಕ್ ಸ್ವಿಚ್ ಪ್ರತಿ ಸುತ್ತಿಗೂ ವಿದ್ಯುತ್ತನ್ನು ಹರಿಸಿ ನಿಲ್ಲಿಸುತ್ತದೆ.

ಇಂಧನ ಟ್ಯಾಂಕ್, ಇಂಜೆಕ್ಟರ್, ಸೈಲೆನ್ಸರ್ ಯಾವುದೂ ಬೇಡವೆಂಬುದು ಇದರ ಅನುಕೂಲ. ಹಳೆಯ ಎಂಜಿನ್ನಿನ ದೇಹವನ್ನೇ ಬಳಸಬಹುದೆಂಬುದು ಇನ್ನೊಂದು ಆಕರ್ಷಣೆ. ತೊಡಕುಗಳು ಹೊರನೋಟಕ್ಕೆ ಕಾಣುವುದಿಲ್ಲ.

ಮೂರು ತೊಡಕುಗಳು

ಮೊದಲನೆಯದು ಅಂತರಕ್ಕೆ ಸಂಬಂಧಿಸಿದ್ದು. ಕಾಂತಕ್ಕೂ ಕಬ್ಬಿಣಕ್ಕೂ ನಡುವಿನ ಗಾಳಿಯ ಅಂತರ ಎರಡರಷ್ಟಾದರೆ ಸೆಳೆತ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂತರವೇ ಇಲ್ಲವೆನ್ನುವಷ್ಟು ಹತ್ತಿರ ಬಂದಾಗಲೂ ಸೆಳೆತಕ್ಕೆ ಮಿತಿಯಿದೆ. ಕಾಂತಕ್ಷೇತ್ರದ ತೀವ್ರತೆ 1 ಟೆಸ್ಲಾ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋಗ್ರಾಂ, 2 ಟೆಸ್ಲಾ ಇದ್ದರೆ ಸುಮಾರು 16 ಕಿಲೋಗ್ರಾಂ ಬಲ ದೊರೆಯುತ್ತದೆ. ಸಾಮಾನ್ಯ ಕಬ್ಬಿಣವು ಹೆಚ್ಚುಕಡಿಮೆ 2 ಟೆಸ್ಲಾದಲ್ಲಿ ತುಂಬಿಹೋಗುತ್ತದೆ. ಆಮೇಲೆ ಎಷ್ಟು ವಿದ್ಯುತ್ ಹರಿಸಿದರೂ ಲಾಭ ಅತ್ಯಲ್ಪ. ಪೂರ್ಣ ಹೊರೆಯಲ್ಲಿರುವ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಒತ್ತಡವು 40 ಕಿಲೋಗ್ರಾಂ ದಾಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು 100ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಅಂದರೆ ಅದೇ ಗಾತ್ರದ ಸಿಲಿಂಡರಿನಿಂದ ಅದೇ ಬಲವನ್ನು ನಿರೀಕ್ಷಿಸುವಂತಿಲ್ಲ.

ಎರಡನೆಯದು ಕ್ರ್ಯಾಂಕಿನ ತೊಡಕು. ಪಿಸ್ಟನ್ ತನ್ನ ದಾರಿಯ ತುದಿ ತಲುಪಿದಾಗ ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಒಂದೇ ನೇರಕ್ಕೆ ಬರುತ್ತವೆ. ಆ ಸ್ಥಾನದಲ್ಲಿ ಎಷ್ಟು ಬಲ ಹಾಕಿದರೂ ಶಾಫ್ಟ್ ತಿರುಗದು. ದುರದೃಷ್ಟವಶಾತ್ ಕಾಂತದ ಬಲ ಅತ್ಯಧಿಕವಾಗಿರುವುದು ಅದೇ ತುದಿಯಲ್ಲಿ. ಕ್ರ್ಯಾಂಕ್ ಚೆನ್ನಾಗಿ ತಿರುಗಬಲ್ಲ ನಡುದಾರಿಯಲ್ಲಿ ಕಾಂತದ ಬಲ ಕ್ಷೀಣಿಸಿರುತ್ತದೆ. ಬಲವಿದ್ದಲ್ಲಿ ತಿರುಗುವ ಅವಕಾಶವಿಲ್ಲ, ಅವಕಾಶವಿದ್ದಲ್ಲಿ ಬಲವಿಲ್ಲ.

ಮೂರನೆಯದು ವೇಗದ ತೊಡಕು. ಸುರುಳಿಯಲ್ಲಿ ವಿದ್ಯುತ್ ಪ್ರವಾಹವು ಸ್ವಿಚ್ ಹಾಕಿದೊಡನೆ ಪೂರ್ಣ ಮಟ್ಟಕ್ಕೇರುವುದಿಲ್ಲ. ತೆಗೆದೊಡನೆ ಮಾಯವಾಗುವುದೂ ಇಲ್ಲ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನಿನ ಒಂದು ಹೊಡೆತಕ್ಕೆ ದೊರೆಯುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ. ಅಷ್ಟರಲ್ಲಿ ಸುರುಳಿ ಕಾಂತವಾಗಿ, ಎಳೆದು, ಮತ್ತೆ ಕಾಂತತ್ವವನ್ನು ಕಳೆದುಕೊಳ್ಳಬೇಕು. ಪ್ರತಿ ಸಲವೂ ಸುರುಳಿಯಲ್ಲಿ ಉಳಿದ ಶಕ್ತಿಯನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇಲ್ಲದಿದ್ದರೆ ಅದು ಕಿಡಿಯಾಗಿ, ಶಾಖವಾಗಿ ಪೋಲಾಗುತ್ತದೆ.

ಗಿರಣಿಯಲ್ಲಿರುವ ಸಾಧಾರಣ ತಿರುಗು ಮೋಟಾರಿಗೆ ಮೊದಲ ಎರಡು ತೊಡಕುಗಳಿಲ್ಲ. ಅದರಲ್ಲಿ ತಿರುಗುವ ಭಾಗಕ್ಕೂ ಸ್ಥಿರ ಭಾಗಕ್ಕೂ ನಡುವಿನ ಅಂತರ ಸದಾ ಅತ್ಯಲ್ಪ, ಸದಾ ಒಂದೇ ಸಮ. ತಿರುಗಿಸುವ ಬಲವೂ ಸುತ್ತಿನುದ್ದಕ್ಕೂ ದೊರೆಯುತ್ತದೆ. ಮೂರನೆಯ ತೊಡಕನ್ನು ಸತತವಾಗಿ ಸುತ್ತುವ ಕಾಂತಕ್ಷೇತ್ರವು ನಿವಾರಿಸುತ್ತದೆ.

ಚರಿತ್ರೆಯ ತೀರ್ಪು

ಈ ವಿನ್ಯಾಸವು ಹೊಸದೇನಲ್ಲ. ಅಮೆರಿಕದ ಚಾರ್ಲ್ಸ್ ಗ್ರಾಫ್ಟನ್ ಪೇಜ್ ಎಂಬ ವಿಜ್ಞಾನಿ ಅಲ್ಲಿನ ಸಂಸತ್ತಿನಿಂದ 20,000 ಡಾಲರ್ ಅನುದಾನ ಪಡೆದು, ಸುರುಳಿ ಮತ್ತು ಪಿಸ್ಟನ್ ಮಾದರಿಯ ರೈಲು ಎಂಜಿನ್ನನ್ನು ನಿರ್ಮಿಸಿದರು. 1851ರ ಏಪ್ರಿಲ್ 29ರಂದು ಅದು ವಾಷಿಂಗ್ಟನ್ನಿನಿಂದ ಬ್ಲೇಡನ್ಸ್‌ಬರ್ಗ್‌ವರೆಗೆ ಓಡಿತು. ಗಂಟೆಗೆ ಸುಮಾರು 19 ಮೈಲಿ ವೇಗವನ್ನೂ ಮುಟ್ಟಿತು. ಆದರೆ ದಾರಿಯಲ್ಲಿಯೇ ಬ್ಯಾಟರಿಗಳ ಒಳಗಿನ ಮಣ್ಣಿನ ತಡಿಕೆಗಳು ಒಡೆದವು. ಎಂಜಿನ್ ವ್ಯಾಪಾರಕ್ಕೆ ಬರಲಿಲ್ಲ.

ಅದಕ್ಕೂ ಮೊದಲೇ ಇಂಗ್ಲೆಂಡಿನ ಜೇಮ್ಸ್ ಜೂಲ್ ಇದರ ಲೆಕ್ಕ ಹಾಕಿದ್ದರು. ಅವರದು ಬಿಯರ್ ತಯಾರಿಕೆಯ ಕುಟುಂಬ. ಕಾರ್ಖಾನೆಯ ಉಗಿ ಎಂಜಿನ್ನಿನ ಬದಲು ವಿದ್ಯುತ್ ಎಂಜಿನ್ ಲಾಭಕರವೇ ಎಂಬ ವಿಚಾರ ಅವರ ಆಸಕ್ತಿಯಾಗಿತ್ತು. ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಕರಗಿ ಮಾಡುವ ಕೆಲಸವು, ಅಂದಿನ ಉತ್ತಮ ಉಗಿ ಎಂಜಿನ್ನಿನಲ್ಲಿ ಒಂದು ಪೌಂಡ್ ಕಲ್ಲಿದ್ದಲು ಮಾಡುವ ಕೆಲಸದ ಕಾಲು ಭಾಗಕ್ಕೂ ಕಡಿಮೆಯೆಂದು 1841ರ ವೇಳೆಗೆ ಅವರು ಕಂಡುಕೊಂಡರು. ಸತುವಿನ ಬೆಲೆಯಾದರೋ ಕಲ್ಲಿದ್ದಲಿಗಿಂತ ಬಹುಪಾಲು ಹೆಚ್ಚು.

ಮುಂದೆ ವಿದ್ಯುತ್ ಗೆದ್ದಾಗ ಗೆದ್ದದ್ದು ತಿರುಗು ಮೋಟಾರೇ ಹೊರತು ಪಿಸ್ಟನ್ ಅಲ್ಲ. ನಮ್ಮ ರಾಜ್ಯದ ಉದಾಹರಣೆಗಳೇ ಸಾಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಸ್ಥಾಪನೆಯಾಗಿ ಮೋಟಾರುಗಳನ್ನು ತಯಾರಿಸಿತು. 2001ರಲ್ಲಿ ಬೆಂಗಳೂರಿನಿಂದಲೇ ರೇವಾ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಿತು. ಅಂಕೋಲಾ, ಕಾರವಾರಗಳ ಮೂಲಕ ಸಾಗುವ ಕೊಂಕಣ ರೈಲುಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣಗೊಂಡಿತು. ಡೀಸೆಲ್ಲಿಗೆ ಪರ್ಯಾಯವು ಹೀಗೆ ಬಂದೇ ಬಂದಿದೆ. ಎಲ್ಲ ಕಡೆಯೂ ತಿರುಗು ಮೋಟಾರಿನ ರೂಪದಲ್ಲಿ.

ಖರ್ಚಿನ ತಃಖ್ತೆ

ಡೀಸೆಲ್ ಲೀಟರಿಗೆ 90 ರೂಪಾಯಿ, ವಿದ್ಯುತ್ ಯೂನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದೆ. ಸಣ್ಣ ಡೀಸೆಲ್ ಎಂಜಿನ್ನಿನ ದಕ್ಷತೆ ಶೇಕಡಾ 30 ಎಂದರೆ ಶಾಫ್ಟಿನಲ್ಲಿ ದೊರೆಯುವುದು 3 ಯೂನಿಟ್. ಐದು ಅಶ್ವಶಕ್ತಿಯ ಉತ್ತಮ ತಿರುಗು ಮೋಟಾರಿನ ದಕ್ಷತೆ ಸುಮಾರು ಶೇಕಡಾ 88. ಪಿಸ್ಟನ್ ಮಾದರಿಗೆ ಉದಾರವಾಗಿ ಶೇಕಡಾ 30 ಎಂದು ಊಹಿಸೋಣ. ಆಗ ಶಾಫ್ಟಿನಲ್ಲಿ ದೊರೆಯುವ ಪ್ರತಿ ಯೂನಿಟ್ ಕೆಲಸಕ್ಕೆ ತಗಲುವ ವೆಚ್ಚ ಹೀಗಿದೆ:

1. ಡೀಸೆಲ್ ಎಂಜಿನ್: 30 ರೂಪಾಯಿ
2. ತಿರುಗು ಮೋಟಾರು: 9 ರೂಪಾಯಿ 10 ಪೈಸೆ
3. ವಿದ್ಯುತ್ಕಾಂತೀಯ ಪಿಸ್ಟನ್ ಎಂಜಿನ್: 26 ರೂಪಾಯಿ 70 ಪೈಸೆ

ಡೀಸೆಲ್ಲಿನೊಂದಿಗೆ ಮಾತ್ರ ಹೋಲಿಸಿದರೆ ಮೂರನೆಯದು ಲಾಭದಾಯಕವಾಗಿ ಕಾಣುತ್ತದೆ. ಮಾರಾಟದ ಕರಪತ್ರಗಳಲ್ಲಿ ಬರುವುದು ಈ ಹೋಲಿಕೆಯೇ. ವಿದ್ಯುತ್ ಸಂಪರ್ಕವಿರುವ ಸ್ಥಳದಲ್ಲಿ ಹೋಲಿಸಬೇಕಾದುದು ಎರಡನೆಯದರೊಂದಿಗೆ. ವರ್ಷಕ್ಕೆ 1500 ಗಂಟೆ, 3 ಕಿಲೋವಾಟ್ ಹೊರೆಯಲ್ಲಿ ನಡೆಯುವ ಯಂತ್ರಕ್ಕೆ ಈ ಎರಡರ ನಡುವಿನ ವ್ಯತ್ಯಾಸವೇ ವರ್ಷಕ್ಕೆ ಸುಮಾರು 79,000 ರೂಪಾಯಿ.

ವಾಹನದಲ್ಲಾದರೆ ಬ್ಯಾಟರಿಯೂ ಸೇರುತ್ತದೆ. ತುಂಬಿಸಿ ತೆಗೆಯುವಲ್ಲಿ ಶೇಕಡಾ 15 ನಷ್ಟವಾಗುವುದಾದರೆ ತಿರುಗು ಮೋಟಾರಿನ ವೆಚ್ಚ 10 ರೂಪಾಯಿ 70 ಪೈಸೆಗೂ, ಪಿಸ್ಟನ್ ಎಂಜಿನ್ನಿನದು 31 ರೂಪಾಯಿ 40 ಪೈಸೆಗೂ ಏರುತ್ತದೆ. ಡೀಸೆಲ್ಲನ್ನು ಸೋಲಿಸಲು ಹೊರಟದ್ದು ಇಲ್ಲಿ ಡೀಸೆಲ್ಲಿಗೇ ಸೋತಿತು. ಅರಬೈಲು ಘಟ್ಟದಂಥ ಏರಿನಲ್ಲಿ 25 ಟನ್ ತೂಕದ ಲಾರಿಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಗಾಳಿ ಮತ್ತು ರಸ್ತೆಯ ತಡೆಯನ್ನು ಬಿಟ್ಟು, ಸುಮಾರು 6.8 ಯೂನಿಟ್ ಕೆಲಸ ಬೇಕು. ತಿರುಗು ಮೋಟಾರು ಇದಕ್ಕೆ ಬ್ಯಾಟರಿಯಿಂದ 7.7 ಯೂನಿಟ್ ತೆಗೆದುಕೊಂಡರೆ ಪಿಸ್ಟನ್ ಎಂಜಿನ್ 22.7 ಯೂನಿಟ್ ತೆಗೆದುಕೊಳ್ಳುತ್ತದೆ. ಬ್ಯಾಟರಿಯ ಗಾತ್ರ, ತೂಕ, ಬಂಡವಾಳಗಳೂ ಸುಮಾರು ಮೂರು ಪಟ್ಟಾಗುತ್ತವೆ.

ತನ್ನನ್ನು ತಾನೇ ನಡೆಸಿಕೊಳ್ಳುವ ಎಂಜಿನ್

ಎಂಜಿನ್ ತಿರುಗುವಾಗ ಆಲ್ಟರ್ನೇಟರನ್ನೂ ತಿರುಗಿಸಿ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುತ್ತದೆ, ಆದುದರಿಂದ ಖರ್ಚೇ ಇಲ್ಲ ಎಂಬ ವಾದವೂ ಕೇಳಿಬರುತ್ತದೆ. ಇಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಶಕ್ತಿಯು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ದಾಟುವಾಗಲೆಲ್ಲ ನಿಸರ್ಗವು ಸುಂಕ ವಸೂಲು ಮಾಡುತ್ತದೆ. ಎಂಜಿನ್, ಆಲ್ಟರ್ನೇಟರ್, ಬ್ಯಾಟರಿ ಪ್ರತಿಯೊಂದೂ ಶೇಕಡಾ 90ರಷ್ಟು ದಕ್ಷವಾಗಿದ್ದರೂ ಹೊರಟ 100 ಯೂನಿಟ್ಟಿನಲ್ಲಿ ಮರಳಿ ಬರುವುದು 73 ಮಾತ್ರ. ಮುಂದಿನ ಸುತ್ತಿನಲ್ಲಿ 53. ಈ ನಡುವೆ ಹೊರಗಿನ ಯಾವ ಕೆಲಸವೂ ಆಗಿರುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಕಾನೂನೂ ಇದೇ ನಿಲುವನ್ನು ತಳೆದಿದೆ. 1970ರ ಪೇಟೆಂಟ್ ಅಧಿನಿಯಮದ 3(ಎ) ಕಲಮಿನ ಪ್ರಕಾರ, ಸುಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದನ್ನು ಪ್ರತಿಪಾದಿಸುವ ಆವಿಷ್ಕಾರಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ ಎಂಬ ಮಾತ್ರಕ್ಕೆ ಪೇಟೆಂಟ್ ದೊರೆತಂತಲ್ಲ. ದೊರೆತರೂ ಅದು ದಕ್ಷತೆಯ ಪ್ರಮಾಣಪತ್ರವಲ್ಲ.

ನಿಜವಾದ ಅವಕಾಶ ಎಲ್ಲಿದೆ?

ಹಾಗೆಂದು ವಿದ್ಯುತ್ಕಾಂತೀಯ ಪಿಸ್ಟನ್ ನಿಷ್ಪ್ರಯೋಜಕವೆಂದು ಭಾವಿಸಬೇಕಾಗಿಲ್ಲ. ಬೇಕಾದುದು ಸುತ್ತು ಚಲನೆಯಲ್ಲ, ಹಿಂದುಮುಂದಿನ ಸಣ್ಣ ಚಲನೆ ಎಂಬಲ್ಲಿ ಅದೇ ಸರಿಯಾದ ಸಾಧನ. ಲಾರಿಯ ಸ್ಟಾರ್ಟರಿನ ಸೊಲೆನಾಯ್ಡ್, ಹೊಸ ಡೀಸೆಲ್ ಎಂಜಿನ್ನುಗಳ ಇಂಧನ ಇಂಜೆಕ್ಟರ್, ಮೋಟಾರ್ ಸ್ಟಾರ್ಟರ್ ಪೆಟ್ಟಿಗೆಯ ಕಾಂಟ್ಯಾಕ್ಟರ್, ನೀರು ಶುದ್ಧೀಕರಣದಲ್ಲಿ ಔಷಧವನ್ನು ಅಳೆದು ಹಾಕುವ ಪಂಪು ಇವುಗಳಲ್ಲಿ ದುಡಿಯುವುದು ಇದೇ ತತ್ವ.

ಎಲ್‌ಜಿ ಸಂಸ್ಥೆಯು 2001ರಿಂದ ಫ್ರಿಜ್‌ಗಳಲ್ಲಿ ಲೀನಿಯರ್ ಕಂಪ್ರೆಸರನ್ನು ಅಳವಡಿಸತೊಡಗಿತು. ಅದರಲ್ಲಿ ಪಿಸ್ಟನ್ನನ್ನು ವಿದ್ಯುತ್ಕಾಂತವೇ ನೇರವಾಗಿ ಓಡಾಡಿಸುತ್ತದೆ. ಕ್ರ್ಯಾಂಕ್ ಇಲ್ಲವೇ ಇಲ್ಲ. ಕಾಂತವು ಸುರುಳಿಯ ಪಕ್ಕದಲ್ಲಿ ಸರಿಯುವುದರಿಂದ ಗಾಳಿಯ ಅಂತರ ಬದಲಾಗುವುದಿಲ್ಲ. ಸ್ಪ್ರಿಂಗ್ ತನ್ನ ಸಹಜ ಲಯದಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ತರುತ್ತದೆ. ಮೇಲೆ ಹೇಳಿದ ಮೊದಲ ಎರಡು ತೊಡಕುಗಳನ್ನು ವಿನ್ಯಾಸವೇ ನಿವಾರಿಸಿದೆ. ಸಣ್ಣ ಪಂಪು, ಕಂಪ್ರೆಸರ್, ಕವಾಟ, ಕಂಪನ ಜರಡಿಗಳ ತಯಾರಕರು ಕಲಿಯಬೇಕಾದ ಪಾಠ ಇಲ್ಲಿದೆ.

ಹಣ ಹೂಡುವ ಮುನ್ನ

ಇಂಥ ಪ್ರಸ್ತಾವ ಬಂದಾಗ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಹಿತಕರ.

1. ಒಳಬರುವ ವಿದ್ಯುತ್ತನ್ನೂ ಶಾಫ್ಟಿನಲ್ಲಿ ಹೊರಬರುವ ಶಕ್ತಿಯನ್ನೂ ಹೊರೆ ಹಾಕಿ ಅಳೆದ ವರದಿ ಇರಬೇಕು. ಬರಿದೇ ತಿರುಗುವ ದೃಶ್ಯ ಪುರಾವೆಯಾಗದು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಸ್ವತಂತ್ರ ಪ್ರಯೋಗಾಲಯದ ವರದಿಯನ್ನೇ ಕೇಳಬೇಕು.

2. ಹೋಲಿಕೆಯು ಅದೇ ಅಶ್ವಶಕ್ತಿಯ ತಿರುಗು ಮೋಟಾರಿನೊಂದಿಗೆ ಇರಬೇಕು. ಡೀಸೆಲ್ ಎಂಜಿನ್ನಿನೊಂದಿಗೆ ಮಾತ್ರವಲ್ಲ.

3. ಸುರುಳಿಯ ಉಷ್ಣತೆ ಹಲವು ಗಂಟೆಗಳ ಸತತ ಓಟದಲ್ಲಿ ಎಷ್ಟಕ್ಕೇರುತ್ತದೆ ಎಂಬ ದಾಖಲೆ ಬೇಕು. ಐದು ನಿಮಿಷ ಓಡಿದ ಮಾದರಿಯು ಐದು ಗಂಟೆ ಓಡೀತೆಂಬ ಭರವಸೆಯಿಲ್ಲ.

4. ಹಣವನ್ನು ಒಮ್ಮೆಲೇ ಕೊಡದೆ, ಪರೀಕ್ಷೆಯ ಹಂತಗಳಿಗೆ ಕಟ್ಟಿ ಕಂತುಗಳಲ್ಲಿ ಬಿಡುಗಡೆ ಮಾಡುವಂತೆ ಕರಾರು ಇರಬೇಕು.

5. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕತಕ್ಕದ್ದು. ತಾಂತ್ರಿಕ ಸಾಧ್ಯತೆ, ಮುಗಿಸುವ ಸಂಪನ್ಮೂಲ, ಭವಿಷ್ಯದ ಆದಾಯ ಮುಂತಾದವು ರುಜುವಾತಾದ ಬಳಿಕ ತಗಲುವ ಅಭಿವೃದ್ಧಿ ವೆಚ್ಚವನ್ನು ಮಾತ್ರ ಆಸ್ತಿಯೆಂದು ತೋರಿಸಬಹುದು. ಮಾದರಿ ತಯಾರಿಕೆಯ ಖರ್ಚನ್ನೆಲ್ಲ ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗಿ ತೋರಿಸುವ ಸಂಸ್ಥೆಯ ವಿಷಯದಲ್ಲಿ ಜಾಗರೂಕತೆ ಬೇಕು.

ಸುಂಕಸಾಳದಂಥ ಹೆದ್ದಾರಿ ಊರಿನ ಗ್ಯಾರೇಜಿನಲ್ಲಿ ಕೌಶಲವುಳ್ಳ ತರುಣನೊಬ್ಬ ಹಳೆಯ ಎಂಜಿನ್ನಿಗೆ ಸುರುಳಿ ಕಟ್ಟಿ ತಿರುಗಿಸಿದನೆಂದರೆ ಅವನ ಜಾಣ್ಮೆಗೆ ಬೆಲೆಯಿದೆ. ಆ ಜಾಣ್ಮೆಯನ್ನು ಸುರುಳಿ ಮರುಕಟ್ಟುವ, ಮೋಟಾರು ನಿಯಂತ್ರಕಗಳನ್ನು ದುರಸ್ತಿ ಮಾಡುವ, ವಿದ್ಯುತ್ ವಾಹನಗಳ ಸೇವಾ ಕೇಂದ್ರ ನಡೆಸುವ ಉದ್ಯೋಗದತ್ತ ತಿರುಗಿಸಿದರೆ ಅವನಿಗೂ, ಹಣ ಹೂಡಿದವರಿಗೂ ಆದಾಯದ ದಾರಿಯಾಗುತ್ತದೆ. 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ರಾಜ್ಯದಲ್ಲಿ ಈ ಕೆಲಸಕ್ಕೆ ಬೇಡಿಕೆ ಬೆಳೆಯುತ್ತಲೇ ಇದೆ. ಹೊಸ ವಿನ್ಯಾಸಕ್ಕೆ ಪ್ರೋತ್ಸಾಹ ಕೊಡುವವರು ಮೊದಲು ಅಳತೆಯ ವರದಿಯನ್ನು ಕೇಳಲಿ. ಚೆಕ್ಕಿಗೆ ಸಹಿ ಆನಂತರ ಬೀಳಲಿ.