ನಿಮಗಿದು ಗೊತ್ತೇ? ಕೋಚ್ ಆಗುವ ಮುನ್ನ ಹತ್ತೂ ಬೆರಳಿನ ಅಚ್ಚು!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಗೆ ಪುಕ್ಕಟೆಯಾಗಿ ಆಟ ಹೇಳಿಕೊಡುತ್ತೇನೆ ಅಂದರೂ ಸುಮ್ಮನೆ ಮೈದಾನಕ್ಕೆ ಬಿಡುವುದಿಲ್ಲ! ಮೊದಲು 'ಲೈವ್ ಸ್ಕ್ಯಾನ್' ಕೇಂದ್ರಕ್ಕೆ ಹೋಗಬೇಕು. ಗಾಜಿನ ಫಲಕದ ಮೇಲೆ ಬೆರಳುಗಳನ್ನು ಒತ್ತಬೇಕು. ಶಾಯಿಯೂ ಬೇಡ, ಕಾಗದವೂ ಬೇಡ. ಅಚ್ಚು ಕಂಪ್ಯೂಟರಿನಿಂದ ನೇರ ರಾಜ್ಯದ ನ್ಯಾಯ ಇಲಾಖೆಗೆ! 2022ರ ಜನವರಿ 1ರಿಂದ ಇದು ಅಲ್ಲಿನ ಕಾನೂನು.

ಈ ಕಾನೂನು ಯಾರಿಗೆ ಅಂತೀರಾ? ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಹೊತ್ತು ಮಕ್ಕಳ ಜೊತೆ ಇರುವ, 18 ದಾಟಿದ ಸ್ವಯಂಸೇವಕರಿಗೆ. ಲೆಕ್ಕ ಹಾಕಿ ನೋಡಿ. ಶನಿವಾರ ಎರಡು ಗಂಟೆ, ಭಾನುವಾರ ಎರಡು ಗಂಟೆ ಹೋದರೂ ಒಂಬತ್ತನೇ ವಾರಕ್ಕೇ ನೀವು ಆ ಗೆರೆ ದಾಟಿರುತ್ತೀರಿ!

ಮಕ್ಕಳ ಬೇಸ್‌ಬಾಲ್ ಸಂಸ್ಥೆ 'ಲಿಟಲ್ ಲೀಗ್' ಹುಟ್ಟಿದ್ದು 1939ರಲ್ಲಿ, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಊರಿನಲ್ಲಿ. ಅಲ್ಲಿ ಕೋಚ್‌ಗಳ ಹಿನ್ನೆಲೆಯನ್ನು ವರ್ಷವರ್ಷವೂ ಹೊಸದಾಗಿ ಜಾಲಾಡುತ್ತಾರೆ. ಹಳಬರು, ಪರಿಚಯದವರು ಅನ್ನುವ ರಿಯಾಯಿತಿಯೇ ಇಲ್ಲ!

ಕೆನಡಾದ ವಿಷಯ ಇನ್ನೂ ವಿಚಿತ್ರ. ಅಲ್ಲಿ ಲೈಂಗಿಕ ಅಪರಾಧ ಮಾಡಿ, ಶಿಕ್ಷೆ ಮುಗಿಸಿ, ಕ್ಷಮೆ ಪಡೆದವರ ಪಟ್ಟಿ ಒಂದಿದೆ. ಕೋಚ್ ಆಗಲು ಬಂದವರ ಹುಟ್ಟಿದ ದಿನಾಂಕವೂ ಲಿಂಗವೂ ಆ ಪಟ್ಟಿಯ ಯಾರದ್ದಾದರೂ ಜೊತೆ ತಾಳೆಯಾದರೆ ಬೆರಳಚ್ಚು ಕೊಡಲೇಬೇಕು. ಹೆಸರು ಪೂರ್ತಿ ಬೇರೆಯಾಗಿದ್ದರೂ ಸರಿ! ಹೆಸರು ಬದಲಿಸಿಕೊಳ್ಳಬಹುದು, ಬೆರಳಿನ ಗೆರೆ ಬದಲಿಸಲಾದೀತೇ? ಯಾವ ತಪ್ಪೂ ಮಾಡದ ಎಷ್ಟೋ ಜನ ಬರೀ ಹುಟ್ಟುಹಬ್ಬದ ದೆಸೆಯಿಂದ ಪೊಲೀಸ್ ಠಾಣೆಗೆ ಹೋಗಿ ಬಂದಿದ್ದಾರೆ.

ಅದೇ ಕೆನಡಾದ ಐಸ್ ಹಾಕಿ ಆಟಗಾರ ಶೆಲ್ಡನ್ ಕೆನಡಿ. ಹುಡುಗನಾಗಿದ್ದಾಗ ತನ್ನ ಕೋಚ್‌ನಿಂದಲೇ ದೌರ್ಜನ್ಯ ಅನುಭವಿಸಿದವರು. ಧೈರ್ಯ ಮಾಡಿ ದೂರು ಕೊಟ್ಟರು, ಆ ಕೋಚ್ 1997ರಲ್ಲಿ ಜೈಲಿಗೆ ಹೋದ. ಮರುವರ್ಷ ಕೆನಡಿ ಏನು ಮಾಡಿದರು ಗೊತ್ತೇ? ಈ ವಿಷಯ ಜನರಿಗೆ ತಿಳಿಯಲಿ ಎಂದು ಚಕ್ರದ ಬೂಟು ಕಟ್ಟಿಕೊಂಡು ಇಡೀ ಕೆನಡಾವನ್ನೇ ದಾಟಿದರು! ಎಂಥ ಛಲ!

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಒಮ್ಮೆ ಪರಿಶೀಲನೆ ಮುಗಿಸಿದರೆ ಐದು ವರ್ಷ ನಡೆಯುತ್ತದೆ. ಸ್ವಯಂಸೇವಕರಿಗೆ ಇದು ಉಚಿತ. ಆದರೆ ಆ ಐದೂ ವರ್ಷ ನಿಮ್ಮ ಮೇಲೆ ಕಣ್ಣು ಇದ್ದೇ ಇರುತ್ತದೆ! ನಡುವೆ ಗಂಭೀರ ಪ್ರಕರಣ ದಾಖಲಾದರೆ ಪರವಾನಗಿ ರದ್ದಾಗಬಹುದು.

ಅಮೆರಿಕದ ಒಲಿಂಪಿಕ್ ಕ್ರೀಡೆಗಳಲ್ಲಿ ಕೋಚ್ ಮತ್ತು ಮಗು ಇಬ್ಬರೇ ಬಾಗಿಲು ಹಾಕಿಕೊಂಡು ಕೂರುವಂತಿಲ್ಲ. ಅವರ ಮಾತುಕತೆ ಬೇರೆಯವರ ಕಣ್ಣಿಗೆ ಕಾಣಬೇಕು, ಯಾರು ಬೇಕಾದರೂ ನಡುವೆ ಬರುವಂತಿರಬೇಕು. ಮೊಬೈಲಿಗೂ ಇದೇ ನಿಯಮ! 'ನಾಳೆ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್, ಬೂಟು ಮರೆಯಬೇಡ' ಅನ್ನುವ ಒಂದು ಸಾಲಿನ ಮೆಸೇಜ್ ಕೂಡ ಮಗುವಿಗೆ ಮಾತ್ರ ಹೋಗುವಂತಿಲ್ಲ. ತುರ್ತು ಸಂದರ್ಭ ಬಿಟ್ಟರೆ ಅಪ್ಪನೋ ಅಮ್ಮನೋ ಇನ್ನೊಬ್ಬ ಹಿರಿಯರೋ ಅದರಲ್ಲಿ ಇರಲೇಬೇಕು! ನನಗಂತೂ ಎಲ್ಲಕ್ಕಿಂತ ಹಿಡಿಸಿದ ನಿಯಮ ಇದೇ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಷ್ಟು ಬಿಗಿ ಬಂದದ್ದರ ಹಿಂದೆ ದೊಡ್ಡ ನೋವಿದೆ. 2018ರ ಜನವರಿಯಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ವಿರುದ್ಧ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆ ನ್ಯಾಯಾಲಯದಲ್ಲಿ ಕೇಳಿಬಂತು. ಶಿಕ್ಷೆ ಎಷ್ಟು ಗೊತ್ತೇ? 40ರಿಂದ 175 ವರ್ಷ! ಮುಂದಿನ ತಿಂಗಳೇ ಹೊಸ ಕಾನೂನು ಬಂತು. ಮಗುವಿಗೆ ದೌರ್ಜನ್ಯ ಆಗುತ್ತಿದೆ ಎಂಬ ಅನುಮಾನ ಬಂದರೂ ಸಾಕು, 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು.

ಇಂಗ್ಲೆಂಡಿನಲ್ಲಿ 16-17ರ ವಿದ್ಯಾರ್ಥಿಯ ಜೊತೆ ಶಿಕ್ಷಕ ಲೈಂಗಿಕ ಸಂಬಂಧ ಇಟ್ಟುಕೊಂಡರೆ ಅದು ಅಪರಾಧ. ಕೋಚ್‌ಗೆ? 2022ರವರೆಗೂ ಆ ಕಾನೂನು ಅನ್ವಯಿಸುತ್ತಲೇ ಇರಲಿಲ್ಲ!

ಕೋಚ್ ಒಳ್ಳೆಯವರಾದರೆ ಸಾಲದು, ತಲೆಗೆ ಬಿದ್ದ ಪೆಟ್ಟನ್ನು ಗುರುತಿಸಲೂ ಬರಬೇಕು. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಜ್ಯಾಕರಿ ಲಿಸ್ಟೆಡ್ ತಲೆಗೆ ಪೆಟ್ಟು ಬಿದ್ದ ಮೇಲೂ ಅಮೆರಿಕನ್ ಫುಟ್‌ಬಾಲ್ ಆಡಲು ಹೋಗಿ ಸಾವಿನ ಬಾಗಿಲು ತಟ್ಟಿ ಬಂದ. 2009ರಲ್ಲಿ ಅವನ ಹೆಸರಲ್ಲೇ ಕಾನೂನಾಯಿತು! ಪೆಟ್ಟಿನ ಅನುಮಾನವಿದ್ದರೆ ಮಗು ಆಟದಿಂದ ಹೊರಗೆ. ವೈದ್ಯಕೀಯ ಪರಿಣತರು ಬರೆದುಕೊಟ್ಟ ಮೇಲೆಯೇ ಮತ್ತೆ ಒಳಗೆ. ಐದೇ ವರ್ಷದಲ್ಲಿ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು!

ತಲೆಗಷ್ಟೇ ಅಲ್ಲ, ತೋಳಿಗೂ ಕಾವಲಿದೆ. ಲಿಟಲ್ ಲೀಗ್‌ನಲ್ಲಿ 11-12ರ ಮಗು ದಿನಕ್ಕೆ 85 ಎಸೆತ ಎಸೆದರೆ ಮುಗಿಯಿತು. ಪಂದ್ಯ ಎಷ್ಟೇ ರೋಚಕವಾಗಿರಲಿ, ಎಸೆಯುವವರು ಬದಲು!

ಇದೆಲ್ಲ ವಿದೇಶದ ಮಾತು ಅಂದುಕೊಂಡಿರಾ? ನಮ್ಮಲ್ಲೂ ಇದೆ ರೀ! ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳಲ್ಲಿ ಶಾಲೆ, ಶಿಶುವಿಹಾರಗಳ ಜೊತೆ ಕ್ರೀಡಾ ಅಕಾಡೆಮಿಗಳ ಹೆಸರೂ ಸ್ಪಷ್ಟವಾಗಿ ಬರೆದಿದೆ. ಮಗುವಿನ ಸಂಪರ್ಕಕ್ಕೆ ಬರುವ ಪ್ರತಿ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಕಾಲಕಾಲಕ್ಕೆ ಆಗಲೇಬೇಕು. ಗುತ್ತಿಗೆಯವರಿಗೂ ಬಿಡುವಿಲ್ಲ! ಆದರೆ ನಮ್ಮ ಎಷ್ಟು ಅಪ್ಪ-ಅಮ್ಮಂದಿರಿಗೆ ಇದು ಗೊತ್ತು?

ಇನ್ನೊಂದು ಅಚ್ಚರಿ. ಅಮೆರಿಕದ ಒಲಿಂಪಿಕ್ ಕ್ರೀಡೆಗಳಲ್ಲಿ ನಿಷೇಧಕ್ಕೊಳಗಾದವರ ಪಟ್ಟಿಯನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಹುಡುಕಿ ನೋಡಬಹುದು. ಭಾರತದಲ್ಲೂ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ 2018ರಿಂದ ಇದೆ. ಆದರೆ ಅದನ್ನು ತೆರೆದು ನೋಡುವ ಅಧಿಕಾರ ಪೊಲೀಸರಂಥ ಕಾನೂನು ಪಾಲಕರಿಗೆ ಮಾತ್ರ! ಹಾಗಾಗಿ ನೀವು ಅಕಾಡೆಮಿಯವರನ್ನೇ ಕೇಳಬೇಕು.

ಈ ಸಲ ಬೇಸಿಗೆ ಶಿಬಿರದ ಫೀಸು ಕಟ್ಟುವಾಗ ಕೌಂಟರ್ ಮುಂದೆ ನಿಂತು ಕೇಳಿಯೇಬಿಡಿ: 'ನಿಮ್ಮ ಕೋಚ್‌ಗಳ ಪೊಲೀಸ್ ವೆರಿಫಿಕೇಶನ್ ಯಾವಾಗ ಆಗಿದೆ ಸರ್?' ಸಂಕೋಚ ಬೇಡ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ದಿನದ 24 ಗಂಟೆಯೂ ಉಚಿತ, ಇಂದೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ!