ಕಿವಿಯನ್ನು ಅಳೆಯುವ ಇಪ್ಪತ್ತೈದು ಪದಗಳು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಊರಿನ ಜನ ಸ್ಪೀಚ್ ಅಂಡ್ ಹಿಯರಿಂಗ್ ಎಂದೇ ಕರೆಯುತ್ತಾರೆ. ಕಿವಿ ಮಂದವಾದವರು, ಮಾತು ಬಾರದ ಮಕ್ಕಳು, ತೊದಲುವವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ದೇಶದ ನಾನಾ ಮೂಲೆಗಳಿಂದ ಅಲ್ಲಿಗೆ ಬರುತ್ತಾರೆ. ಅಲ್ಲಿ ಕಿವಿಯನ್ನು ಪರೀಕ್ಷಿಸುವ ಯಂತ್ರಗಳಲ್ಲಿ ಬಹುಪಾಲು ಜಗತ್ತಿನ ಯಾವ ದೊಡ್ಡ ನಗರದ ಆಸ್ಪತ್ರೆಯಲ್ಲಾದರೂ ಸಿಗುವಂಥವೇ. ಆದರೆ ಒಂದು ಉಪಕರಣವನ್ನು ಯಾವ ದೇಶದಿಂದಲೂ ತರಿಸಿಕೊಳ್ಳಲಾಗದು, ಎಷ್ಟು ಹಣ ಕೊಟ್ಟರೂ ಹೊರಗೆ ದೊರೆಯದು. ಅದನ್ನು ಈ ನೆಲದಲ್ಲಿಯೇ, ಇಲ್ಲಿನ ಮಾತನ್ನೇ ಆಯ್ದು, ತೂಗಿ, ಪರೀಕ್ಷಿಸಿ ಸಿದ್ಧಪಡಿಸಬೇಕಾಯಿತು. ಅದು 25 ಕನ್ನಡ ಪದಗಳ ಒಂದು ಪಟ್ಟಿ.

ಆ ಪಟ್ಟಿಯ ಮಹತ್ವ ತಿಳಿಯಬೇಕಾದರೆ ಅದನ್ನು ಬಳಸುವ ವೃತ್ತಿಯ ಪರಿಚಯ ಬೇಕು. ಆಡಿಯಾಲಜಿ ಅಥವಾ ಶ್ರವಣವಿಜ್ಞಾನ ಎಂಬುದು ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ರೂಪು ತಳೆದ ಶಾಸ್ತ್ರ. ಸಿಡಿಮದ್ದಿನ ಸದ್ದಿನಲ್ಲಿ ಕಿವಿ ಕಳೆದುಕೊಂಡು ಮರಳಿದ ಸೈನಿಕರಿಗೆ ಔಷಧಿಯಿಂದ ಆಗಬೇಕಾದುದು ಹೆಚ್ಚೇನೂ ಇರಲಿಲ್ಲ. ಉಳಿದಿರುವ ಶ್ರವಣಶಕ್ತಿ ಎಷ್ಟೆಂದು ಅಳೆದು, ತಕ್ಕ ಶ್ರವಣ ಸಾಧನವನ್ನು ಹೊಂದಿಸಿ, ಮಾತನ್ನು ಮತ್ತೆ ಗ್ರಹಿಸುವ ಅಭ್ಯಾಸ ಕೊಡುವವರು ಬೇಕಾಗಿದ್ದರು. ಪೆನ್ಸಿಲ್ವೇನಿಯಾದ ಡೆಶಾನ್ ಸೇನಾ ಆಸ್ಪತ್ರೆಯಲ್ಲಿ ಈ ಕೆಲಸವನ್ನು ಮುನ್ನಡೆಸಿದ ರೇಮಂಡ್ ಕಾರ್ಹಾರ್ಟ್ ಅವರನ್ನು ಈ ಶಾಸ್ತ್ರದ ಮೂಲಪುರುಷರಲ್ಲಿ ಒಬ್ಬರೆಂದು ಗೌರವಿಸಲಾಗುತ್ತದೆ. ಕಿವಿ, ಮೂಗು, ಗಂಟಲಿನ ವೈದ್ಯರು ರೋಗವನ್ನು ಗುರುತಿಸಿ ಔಷಧಿ ಕೊಡುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ; ಆಡಿಯಾಲಜಿಸ್ಟ್ ಅಥವಾ ಶ್ರವಣತಜ್ಞರು ಶ್ರವಣವನ್ನು ಅಳೆದು, ಅದರ ಕೊರತೆಯೊಡನೆ ಬದುಕುವ ದಾರಿಯನ್ನು ಕಲಿಸುತ್ತಾರೆ.

ಮೈಸೂರಿನ ಸಂಸ್ಥೆ 1965ರಲ್ಲಿ ಆರಂಭವಾಯಿತು. ಜಯಚಾಮರಾಜೇಂದ್ರ ಒಡೆಯರ್ ಕೊಟ್ಟ ಜಾಗದಲ್ಲಿ 1966ರ ಜುಲೈ 25ರಂದು ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟವರು ಅಂದಿನ ರಾಷ್ಟ್ರಪತಿ ಎಸ್. ರಾಧಾಕೃಷ್ಣನ್, ತಮ್ಮ ಯೌವನದಲ್ಲಿ ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದವರು. ಸಂಸ್ಥೆಯ ನೆರೆಯ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿಟ್ಟವರು ಕುವೆಂಪು. ಬಿ. ಎಂ. ರಾವ್ ಅವರು ಮೊದಲ ನಿರ್ದೇಶಕರಾಗಿದ್ದ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದ್ದು, ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರನ್ನೂ ನಡೆಸಿಕೊಂಡು ಬಂದಿದೆ.

ಪರೀಕ್ಷೆ ನಡೆಯುವುದು ಹೊರಗಿನ ಸದ್ದು ಒಳಬಾರದಂತೆ ಗೋಡೆಗೆ ದಪ್ಪ ಹೊದಿಕೆ ಹಾಕಿದ ಕೋಣೆಯಲ್ಲಿ. ಬಂದವರು ಹೆಡ್‌ಫೋನ್ ಧರಿಸಿ, ಕೈಯಲ್ಲಿ ಗುಂಡಿಯೊಂದನ್ನು ಹಿಡಿದು ಕೂರುತ್ತಾರೆ. ಗಾಜಿನ ಕಿಟಕಿಯ ಆಚೆ ಕುಳಿತ ಶ್ರವಣತಜ್ಞರು ಆಡಿಯೋಮೀಟರ್ ಎಂಬ ಯಂತ್ರದಿಂದ ಒಂದೊಂದೇ ನಾದವನ್ನು ಕಳಿಸುತ್ತಾರೆ. ನಾದ ಎಷ್ಟು ತಗ್ಗು ಅಥವಾ ಎಷ್ಟು ಕೀರಲು ಎಂಬುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಎಷ್ಟು ಜೋರು ಎಂಬುದನ್ನು ಡೆಸಿಬೆಲ್‌ನಲ್ಲಿ. ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ ಪರೀಕ್ಷೆ ಸಾಗುತ್ತದೆ. ಕೇಳಿಸಿತೆಂದು ಗುಂಡಿ ಒತ್ತಿದರೆ ನಾದವನ್ನು 10 ಡೆಸಿಬೆಲ್ ಇಳಿಸುವುದು, ಒತ್ತದಿದ್ದರೆ 5 ಡೆಸಿಬೆಲ್ ಏರಿಸುವುದು, ಹೀಗೆ ಇಳಿದು ಏರಿ ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ನಡುವಣ ಗೆರೆಯನ್ನು ಹುಡುಕುವುದು ಇದರ ಕ್ರಮ. ಆ ಗೆರೆಯನ್ನು ಶ್ರವಣದ ಹೊಸ್ತಿಲು ಎನ್ನಬಹುದು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ ಹಾಕುತ್ತ ಹೋದಾಗ ಹಾಳೆಯ ಮೇಲೆ ಮೂಡುವ ರೇಖೆಯೇ ಆಡಿಯೋಗ್ರಾಂ. ಹೊಸ್ತಿಲು 25 ಡೆಸಿಬೆಲ್‌ನೊಳಗಿದ್ದರೆ ವಯಸ್ಕರ ಕಿವಿ ಸರಿಯಾಗಿದೆ ಎಂದೂ 90ನ್ನು ದಾಟಿದರೆ ಕೊರತೆ ಅತಿ ತೀವ್ರವಾಗಿದೆ ಎಂದೂ ಬಹುಕಾಲದಿಂದ ಎಣಿಸಿಕೊಂಡು ಬರಲಾಗಿದೆ.

ಆದರೆ ಮನುಷ್ಯರು ಬದುಕಿನಲ್ಲಿ ಕೇಳಬೇಕಾದುದು ಯಂತ್ರದ ನಾದವನ್ನಲ್ಲ, ಮನೆಯವರ ಮಾತನ್ನು. ವಯಸ್ಸಾದವರು ಪರೀಕ್ಷೆಗೆ ಬಂದಾಗ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಇದು ನೆಪವಲ್ಲ, ವೈಜ್ಞಾನಿಕವಾಗಿ ನಿಖರವಾದ ವರದಿ. ಅ, ಆ, ಓ ಮುಂತಾದ ಸ್ವರಗಳು ತಗ್ಗಿನ ನಾದದವು, ಬಲವುಳ್ಳವು. ಸ, ಶ, ತ ಮೊದಲಾದ ವ್ಯಂಜನಗಳ ಸದ್ದು ತೆಳು, ಅದರಲ್ಲೂ ಸಕಾರದ ಶಕ್ತಿಯೆಲ್ಲ ಮೇಲಿನ ನಾದಗಳಲ್ಲಿಯೇ ಇರುತ್ತದೆ. ವಯಸ್ಸಿನಿಂದಲೂ ಕಾರ್ಖಾನೆಯ ಗದ್ದಲದಿಂದಲೂ ಮೊದಲು ಸವೆಯುವುದು ಮೇಲಿನ ನಾದಗಳನ್ನು ಹಿಡಿಯುವ ಭಾಗ. ಹಾಗಾಗಿ ಸ್ವರ ಕಿವಿಗೆ ಬೀಳುತ್ತದೆ, ವ್ಯಂಜನ ಜಾರಿಹೋಗುತ್ತದೆ. ಸರ ಎಂದದ್ದು ಮರವೋ ಬರವೋ ಎಂದು ಅವರು ಊಹಿಸಬೇಕಾಗುತ್ತದೆ. ಇಷ್ಟರಲ್ಲಿ ಮನೆಯವರು ದನಿಯೇರಿಸಿ ಕೂಗಿರುತ್ತಾರೆ; ಆ ಕೂಗಿನಿಂದ ಹೆಚ್ಚುವುದು ಸ್ವರದ ಅಬ್ಬರವೇ ಆದ್ದರಿಂದ ಮಾತು ಅಸ್ಪಷ್ಟವಾಗಿಯೇ ಉಳಿಯುತ್ತದೆ, ಅವರಿಗೆ ಅವಮಾನವೂ ಆಗುತ್ತದೆ.

ಈ ತಿಳಿಯದಿರುವಿಕೆಯನ್ನು ಅಳೆಯುವುದಕ್ಕೇ ಪದಗಳ ಪಟ್ಟಿ ಬೇಕಾದದ್ದು. 1940ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಇಂಗ್ಲಿಷಿಗಾಗಿ ಇಂಥ ಪಟ್ಟಿಗಳನ್ನು ಮಾಡಿದಾಗ ಒಂದೇ ಉಚ್ಚಾರಾಂಶದ, ವ್ಯಂಜನದಲ್ಲಿ ಮುಗಿಯುವ ಪುಟ್ಟ ಪದಗಳು ಬೇಕಾದಷ್ಟಿದ್ದವು. ಕನ್ನಡದ ಜಾಯಮಾನ ಬೇರೆ. ಇಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಕೊನೆಗೊಳ್ಳುತ್ತವೆ. ಕೈ, ಮೈ, ಹೂ, ಬಾ ಎಂಬಂಥ ಏಕಾಕ್ಷರಿಗಳನ್ನು ಎಣಿಸುವುದಕ್ಕೆ ಬೆರಳುಗಳೇ ಸಾಕೆನ್ನಬಹುದು. ಆದ್ದರಿಂದ ಕನ್ನಡದ ಪಟ್ಟಿಗೆ ಎರಡಕ್ಷರದ ಪದಗಳೇ ಆಧಾರವಾಗಬೇಕಾಯಿತು. ಅಷ್ಟೇ ಸಾಲದು, ದಿನಬಳಕೆಯ ಕನ್ನಡದಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೆಯೋ ಪಟ್ಟಿಯಲ್ಲಿಯೂ ಅದೇ ಪ್ರಮಾಣದಲ್ಲಿ ಬರಬೇಕು. ಧ್ವನಿಗಳ ಈ ಲೆಕ್ಕಾಚಾರಕ್ಕೆ ನೆರವಾಗುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿತ್ತು, ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಭಾರತೀಯ ಭಾಷೆಗಳ ಧ್ವನಿಗಳನ್ನು ಎಣಿಸಿ 1962ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದರು. ದೂರಸಂಪರ್ಕದ ಹಿತಕ್ಕಾಗಿ ನಡೆದ ಇಂಥ ಎಣಿಕೆ ಕಿವಿ ಮಂದವಾದವರಿಗೆ ಒದಗಿಬರುವಂಥದ್ದೆಂಬುದು ನೆನಪಿಡಬೇಕಾದ ಸಂಗತಿ.

ಪದ ಎಲ್ಲರಿಗೂ ಪರಿಚಿತವಾಗಿರಬೇಕು ಎಂಬುದು ಇನ್ನೊಂದು ಕಟ್ಟಳೆ. ಪಂಡಿತರಿಗಷ್ಟೇ ಗೊತ್ತಿರುವ ಪದವನ್ನು ಸೇರಿಸಿದರೆ ಪರೀಕ್ಷೆಯಾಗುವುದು ಕಿವಿಯಲ್ಲ, ಓದು. ಒಂದು ಪಟ್ಟಿ ಸುಲಭವಾಗಿ ಇನ್ನೊಂದು ಕಷ್ಟವಾಗಿಯೂ ಇರಬಾರದು, ಏಕೆಂದರೆ ಸಾಧನ ಹಾಕಿದಾಗ ಒಂದು, ಹಾಕದಿದ್ದಾಗ ಒಂದು ಎಂದು ಬೇರೆ ಬೇರೆ ಪಟ್ಟಿ ಬಳಸಿ ಹೋಲಿಸಬೇಕಾಗುತ್ತದೆ. ಇಷ್ಟೆಲ್ಲ ಜರಡಿಯಲ್ಲಿ ಸೋಸಿ ಉಳಿಯುವ ಪದಗಳು ಅಡುಗೆಮನೆಯ, ಹೊಲದ, ಅಂಗಳದ ಮಾತುಗಳೇ. ಮೈಸೂರಿನಲ್ಲಿ 1976ರ ಹೊತ್ತಿಗೆ ಚಿತ್ರ ತೋರಿಸಿ ನಡೆಸುವ ಕನ್ನಡ ಪರೀಕ್ಷೆ ಸ್ನಾತಕೋತ್ತರ ಪ್ರಬಂಧವಾಗಿ ಬಂದಿತ್ತು. 2005ರಲ್ಲಿ ಆಶಾ ಯತಿರಾಜ್ ಮತ್ತು ಸಿ. ಎಸ್. ವಿಜಯಲಕ್ಷ್ಮಿ ಅವರು ಧ್ವನಿ ಸಮತೋಲನದ ಪದಪಟ್ಟಿಗಳನ್ನು ಸಿದ್ಧಪಡಿಸಿದರು. ಮಕ್ಕಳಿಗೆ, ಮೇಲಿನ ನಾದಗಳ ಕೊರತೆಯವರಿಗೆ, ವಾಕ್ಯಗಳನ್ನು ಕೇಳಿಸುವುದಕ್ಕೆ ಪ್ರತ್ಯೇಕ ಪರೀಕ್ಷೆಗಳೂ ಒಂದೊಂದಾಗಿ ರಚನೆಯಾಗಿವೆ.

ಹೊಸ್ತಿಲಿಗಿಂತ ಸುಮಾರು 40 ಡೆಸಿಬೆಲ್ ಮೇಲೆ ಪದಗಳನ್ನು ಒಂದೊಂದಾಗಿ ಕೇಳಿಸಲಾಗುತ್ತದೆ, ಕೇಳಿದವರು ಅದನ್ನು ತಿರುಗಿ ಹೇಳಬೇಕು. 25ರಲ್ಲಿ ಒಂದೊಂದಕ್ಕೂ ನೂರಕ್ಕೆ 4 ಅಂಕ. ನುರಿತ ಶ್ರವಣತಜ್ಞರು ಸರಿ, ತಪ್ಪು ಎಂದಷ್ಟೇ ಗುರುತು ಹಾಕಿ ಮುಂದೆ ಹೋಗುವುದಿಲ್ಲ, ತಪ್ಪಿದ್ದು ಹೇಗೆ ಎಂಬುದನ್ನೂ ಬರೆದುಕೊಳ್ಳುತ್ತಾರೆ. ತಟ್ಟೆ ಎಂದದ್ದು ಕಟ್ಟೆಯಾಯಿತೇ, ಸೊಪ್ಪು ಎಂದದ್ದು ಉಪ್ಪಾಯಿತೇ ಎಂಬುದರಿಂದ ಸಾಧನದಲ್ಲಿ ಯಾವ ನಾದವನ್ನು ಹಿಗ್ಗಿಸಬೇಕೆಂಬುದರ ಸುಳಿವು ಸಿಗುತ್ತದೆ. ಇಲ್ಲಿಯೇ ಈ ವೃತ್ತಿಯ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಎದುರಾಗುತ್ತದೆ. ಹಾಲು ಎಂದು ಕೇಳಿಸಿದಾಗ ಹಳೆಯ ಮೈಸೂರು ಸೀಮೆಯ ರೈತರೊಬ್ಬರು ಆಲು ಎಂದರೆ, ಶಾಲೆ ಎಂದಾಗ ಹಳ್ಳಿಯ ಹಿರಿಯರೊಬ್ಬರು ಸಾಲೆ ಎಂದರೆ, ಅದು ಕಿವಿಯ ತಪ್ಪಲ್ಲ, ಅವರ ಊರಿನ ಮಾತು. ಅಂಕ ಕಳೆದರೆ ಇಲ್ಲದ ರೋಗವನ್ನು ಅವರ ಮೇಲೆ ಹೊರಿಸಿದಂತಾಗುತ್ತದೆ. ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಎದುರಿಗಿರುವವರ ಸೀಮೆಯ ನುಡಿ ಬಲ್ಲ ಶ್ರವಣತಜ್ಞರಿಗೆ ಮಾತ್ರ ಗೊತ್ತು. ಶ್ರವಣವಿಜ್ಞಾನವನ್ನು ಅರ್ಧ ಭೌತಶಾಸ್ತ್ರ, ಅರ್ಧ ಭಾಷಾಶಾಸ್ತ್ರ ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಾಗದು.

ಮಾತು ಕಲಿಯುವ ಮುನ್ನವೇ ಶ್ರವಣ ಕಳೆದುಕೊಂಡ ಮಕ್ಕಳ ವಿಷಯದಲ್ಲಿ ಕನ್ನಡದ ಸ್ವಭಾವ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಬಂದ, ಬಂದೆ, ಬಂದು, ಬಂದಳು. ಮನೆ, ಮನೆಗೆ, ಮನೆಯಿಂದ: ಯಾರು, ಎಲ್ಲಿಗೆ, ಎಲ್ಲಿಂದ ಎಂಬ ಅರ್ಥವೆಲ್ಲ ಪದದ ತುದಿಯಲ್ಲಿದೆ, ಆಡುಮಾತಿನಲ್ಲಿ ದನಿ ಕುಗ್ಗುವುದೂ ಆ ತುದಿಯಲ್ಲಿಯೇ. ಅಂಥ ಮಕ್ಕಳಿಗೆ ಸಂಸ್ಥೆಯಲ್ಲಿ ಶಾಲಾಪೂರ್ವ ತರಬೇತಿ ಇದೆ. ಅಲ್ಲಿ ತಾಯಿಯೂ ಮಗುವಿನ ಜೊತೆಗೆ ಕುಳಿತು ಕಲಿಯುತ್ತಾಳೆ, ಮನೆಯಲ್ಲಿ ದಿನವಿಡೀ ಮಗುವಿಗೆ ಮಾತು ಉಣಿಸಬೇಕಾದವಳು ಅವಳೇ. ಇದಕ್ಕಾಗಿ ಊರು ಬಿಟ್ಟು ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದು ನಿಲ್ಲುವ ತಾಯಂದಿರ ತ್ಯಾಗವನ್ನು ಯಾವ ಆಡಿಯೋಗ್ರಾಂ ಕೂಡ ತೋರಿಸದು. ಬೆಳಿಗ್ಗೆ ಸಾಧನ ತೊಡಿಸಿದ ಕೂಡಲೇ, ಮಗು ತುಟಿ ನೋಡಿ ಊಹಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ಮ್, ಊ, ಆ, ಈ, ಶ್, ಸ್ ಎಂಬ ಆರು ಧ್ವನಿಗಳನ್ನು ಹೇಳಿ ಮಗು ತಿರುಗುತ್ತದೆಯೇ ಎಂದು ನೋಡುವುದು ಅವರು ಕಲಿಯುವ ಮೊದಲ ಪಾಠಗಳಲ್ಲಿ ಒಂದು. ಡೇನಿಯಲ್ ಲಿಂಗ್ ಎಂಬ ತಜ್ಞರು ಆಯ್ದ ಈ ಆರರಲ್ಲಿ ಮಾತಿನ ನಾದಗಳ ಇಡೀ ಹರವು ಅಡಗಿದೆ.

ಸಾಧನ ಕಿವಿಯಲ್ಲಿ ಕೂರುವುದು ಅಚ್ಚಿನ ಬಲದಿಂದ. ನೂಲು ಕಟ್ಟಿದ ಚಿಕ್ಕ ಸ್ಪಂಜನ್ನು ಕಿವಿಯ ನಾಳದೊಳಗೆ ತಡೆಯಾಗಿ ಇಟ್ಟು, ಸಿರಿಂಜಿನಿಂದ ಮೆತ್ತನೆಯ ಕಣಕದಂಥ ಪದಾರ್ಥವನ್ನು ತುಂಬಿ, ಕೆಲವು ನಿಮಿಷ ಗಟ್ಟಿಯಾಗಲು ಬಿಟ್ಟು ಹೊರತೆಗೆದಾಗ ಆ ವ್ಯಕ್ತಿಯ ಕಿವಿಯ ತಿರುವುಮುರುವೆಲ್ಲ ಅದರಲ್ಲಿ ಮೂಡಿರುತ್ತದೆ. ಅದನ್ನು ನೋಡಿ ಮಾಡಿದ ಅಚ್ಚು ಇನ್ನೊಬ್ಬರಿಗೆ ಹೊಂದುವುದಿಲ್ಲ. ಮಗುವಿನ ಕಿವಿ ಬೆಳೆದಂತೆ ಅಚ್ಚು ಸಡಿಲವಾಗಿ ಸಾಧನ ಕುಂಯ್‌ಗುಟ್ಟತೊಡಗುತ್ತದೆ. ಆಗ ಹೊಸ ಅಚ್ಚು ಬೇಕು.

ಉಳಿದ ಚಿಕಿತ್ಸೆಯ ಮಾತು ಸಂಕ್ಷಿಪ್ತವಾಗಿ ಹೇಳಬಹುದಾದದ್ದು. ಗುಗ್ಗೆ, ಕೀವು, ತೂತಾದ ತಮಟೆ ಮೊದಲಾದವುಗಳಿಂದ ಬಂದ ಕಿವುಡನ್ನು ವೈದ್ಯರು ಬಹುಮಟ್ಟಿಗೆ ಸರಿಪಡಿಸಬಲ್ಲರು. ಒಳಗಿವಿಯ ಶಂಖದಲ್ಲಿರುವ ರೋಮಕೋಶಗಳು, ಅಂದರೆ ಕಂಪನವನ್ನು ನರದ ಸಂದೇಶವಾಗಿ ಮಾರ್ಪಡಿಸುವ ಕೂದಲಿನಂಥ ತುದಿಗಳುಳ್ಳ ಕಣಗಳು, ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಂಥವರಿಗೆ ಶ್ರವಣ ಸಾಧನ. ಅದೂ ಸಾಲದಷ್ಟು ತೀವ್ರವಾದ ಕೊರತೆಗೆ, ಶಂಖದೊಳಗೆ ವಿದ್ಯುದ್ವಾರಗಳ ಎಳೆಯನ್ನು ಇರಿಸಿ ನರವನ್ನು ನೇರವಾಗಿ ಪ್ರಚೋದಿಸುವ ಕಾಕ್ಲಿಯರ್ ಇಂಪ್ಲಾಂಟ್. ಬಡ ಮಕ್ಕಳಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಈ ಶಸ್ತ್ರಚಿಕಿತ್ಸೆಗೆ ನೆರವು ದೊರೆಯುತ್ತದೆ. ಶಿಶು ನಿದ್ದೆಯಲ್ಲಿರುವಾಗಲೇ, ಒಳಗಿವಿ ಹೊರಡಿಸುವ ಸಣ್ಣ ಪ್ರತಿಧ್ವನಿಯನ್ನು ಹಿಡಿದು ಶ್ರವಣವನ್ನು ಪರೀಕ್ಷಿಸುವ ವಿಧಾನವಿದೆ. ಒಂದು ತಿಂಗಳೊಳಗೆ ಈ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಗಡುವು. ಎರಡು ವರ್ಷವಾದರೂ ಮಾತಾಡದ ಮಗುವನ್ನು, ಅದರ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು ಎಂದು ಸಮಾಧಾನ ಮಾಡಿಕೊಳ್ಳುವ ಮನೆಗಳಲ್ಲಿ ಆ ಗಡುವು ಮೀರಿಹೋಗುತ್ತದೆ.

ಈ ವೃತ್ತಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಆದರೂ ಪರೀಕ್ಷೆಯನ್ನೇ ಮಾಡದೆ ಕಿವಿ ಮಿಷನ್ ಮಾರುವವರು ಇದ್ದಾರೆ; ಅಲ್ಲಿ ಕೊಂಡದ್ದು ಗದ್ದಲವನ್ನಷ್ಟೇ ದೊಡ್ಡದು ಮಾಡಿ ಕೊನೆಗೆ ಬೀರುವಿನ ಮೂಲೆ ಸೇರುತ್ತದೆ. ಕನ್ನಡದ ಪಟ್ಟಿ ಸಿದ್ಧವಾದದ್ದು ದೊಡ್ಡ ಸಾಧನೆಯೇ ಆದರೂ ಕರ್ನಾಟಕ ಎಂದರೆ ಒಂದೇ ಕನ್ನಡವಲ್ಲ. ಬೀದರಿನ ಅಜ್ಜಿಗೂ ಚಾಮರಾಜನಗರದ ಅಜ್ಜಿಗೂ ಪರಿಚಿತವಾದ ಪದಗಳು ಒಂದೇ ಆಗಿರಲಾರವು. ತುಳು, ಕೊಡವ, ಬ್ಯಾರಿ, ಲಂಬಾಣಿ ನುಡಿಗಳಲ್ಲಿ ಹುಟ್ಟಿ ಬೆಳೆದವರಿಗೆ ಅವರ ನುಡಿಯಲ್ಲಿಯೇ ಪರೀಕ್ಷೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಸಿಗುವಂತಾಗಬೇಕು. ಪಟ್ಟಿಗೂ ವಯಸ್ಸಾಗುತ್ತದೆ. ಒನಕೆ, ಮೊರ, ಗೂಟ ಎಂಬ ಪದಗಳು ಅಜ್ಜಿಗೆ ಉಸಿರಿನಷ್ಟು ಸಹಜವಾದರೂ ಮೊಮ್ಮಗನಿಗೆ ಚಿತ್ರ ತೋರಿಸಿದರೂ ತಿಳಿಯವು. ಬಳಕೆ ತಪ್ಪಿದ ಪದ ಪರಿಚಿತತೆಯ ಕಟ್ಟಳೆಯಲ್ಲಿ ಸೋಲುತ್ತದೆ, ಪಟ್ಟಿಯಿಂದ ಸದ್ದಿಲ್ಲದೆ ಹೊರಬೀಳುತ್ತದೆ.

ಮನೆಯ ಹಿರಿಯರು ಕೇಳಿಸುತ್ತದೆ, ತಿಳಿಯುವುದಿಲ್ಲ ಎಂದಾಗ ಗದರದೆ, ಟಿವಿಯ ದನಿ ತಗ್ಗಿಸಿ, ಎದುರಿಗೆ ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತಾಡಿಸಿ, ಬೇಗನೆ ಶ್ರವಣತಜ್ಞರಲ್ಲಿಗೆ ಕರೆದೊಯ್ಯಬೇಕು. ಪದಗಳ ಪರೀಕ್ಷೆಯನ್ನು ಅವರಾಡುವ ಮಾತಿನಲ್ಲಿಯೇ ಮಾಡಿರೆಂದು ಅಲ್ಲಿ ಕೇಳಬೇಕು.