ಡಿಸ್ಕಿನ ನಾಡಿಪರೀಕ್ಷೆ

ಬಳ್ಳಾರಿಗೆ ಸಮೀಪದ ರೂಪನಗುಡಿಯಲ್ಲಿ ಒಂದು ಮದುವೆ ನಡೆಯಿತೆನ್ನೋಣ. ಎರಡು ದಿನದ ಸಂಭ್ರಮವನ್ನು ಸೆರೆಹಿಡಿದ ಛಾಯಾಗ್ರಾಹಕನು ಆ ರಾತ್ರಿಯೇ ಚಿತ್ರಗಳನ್ನೆಲ್ಲ ಅಂಗೈಯಲ್ಲಿ ಅಡಗುವಂಥ ಅಲ್ಯೂಮಿನಿಯಮ್ ಪೆಟ್ಟಿಗೆಯೊಂದಕ್ಕೆ ತುಂಬಿಡುತ್ತಾನೆ. ಬಳ್ಳಾರಿಯ ಜೀನ್ಸ್ ಉಡುಪಿನ ಕಾರ್ಖಾನೆಯ ವಿನ್ಯಾಸಗಳೂ ಕಾಲೇಜು ವಿದ್ಯಾರ್ಥಿಯ ಪ್ರಾಜೆಕ್ಟುಗಳೂ ಸೇರುವುದು ಇಂಥದೇ ಪೆಟ್ಟಿಗೆಗಳಿಗೆ. ರೈತನ ಪಹಣಿಯೇನೋ 'ಭೂಮಿ' ಯೋಜನೆ ಬಂದಂದಿನಿಂದ ಸರಕಾರದ ಗಣಕಯಂತ್ರಗಳಲ್ಲಿದೆ. ಅದನ್ನು ಕಾಯುವುದಕ್ಕೆ ಸಿಬ್ಬಂದಿಯುಂಟು. ಅದೇ ರೈತನ ಮಗಳ ಮದುವೆಯ ಚಿತ್ರಗಳನ್ನು ಕಾಯತಕ್ಕವರು ಯಾರು? ಆ ಪುಟ್ಟ ಪೆಟ್ಟಿಗೆಯೊಂದೇ. ಅದರ ಆರೋಗ್ಯ ಹೇಗಿದೆಯೆಂಬುದನ್ನು ಕೇಳುವವರು ಮಾತ್ರ ವಿರಳ.

ಹಳೆಯ ಹಾರ್ಡ್ ಡಿಸ್ಕು ಕೆಡುವ ಮೊದಲು ಎಷ್ಟೋ ಸಲ ಕಟಕಟನೆ ಸದ್ದು ಮಾಡಿ ಎಚ್ಚರಿಸುತ್ತಿತ್ತು. ಎಸ್‌ಎಸ್‌ಡಿ ಎಂದು ಕರೆಯಲಾಗುವ ಘನಸ್ಥಿತಿ ಡಿಸ್ಕಿನಲ್ಲಿ ತಿರುಗುವ ತಟ್ಟೆಯಿಲ್ಲ, ಓಡಾಡುವ ಸೂಜಿಯಿಲ್ಲ. ಆದುದರಿಂದ ನರಳುವ ದನಿಯೂ ಇಲ್ಲ. ನಿನ್ನೆ ಕೆಲಸ ಮಾಡಿದ ಡಿಸ್ಕು ಇಂದು ಮೌನವಾಗಿ ಕಣ್ಮರೆಯಾದರೆ ನಾವು ಬೆರಗಾಗಬೇಕಾಗಿಲ್ಲ.

ಅದರ ಒಳಗೆ ಇರುವುದು ಫ್ಲ್ಯಾಶ್ ಎಂಬ ಸ್ಮೃತಿಕೋಶಗಳು. 1967ರಲ್ಲಿ ಬೆಲ್ ಪ್ರಯೋಗಶಾಲೆಯ ಡಾವೊನ್ ಕಾಂಗ್ ಮತ್ತು ಸೈಮನ್ ಜೀ ಎಂಬವರು, ಸುತ್ತಲೂ ವಿದ್ಯುನ್ನಿರೋಧಕದ ಪದರವಿರುವ ಸೂಕ್ಷ್ಮವಾದ ಕೋಣೆಯೊಂದರಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಡಬಹುದೆಂದು ತೋರಿಸಿದರು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಅದೇ ತತ್ತ್ವವನ್ನು ಬೆಳೆಸಿ ಫ್ಲ್ಯಾಶ್ ಸ್ಮೃತಿಯನ್ನು ರೂಪಿಸಿದರು. ಕೋಣೆಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೆಂಬುದೇ ಅಲ್ಲಿ ಬರೆದ ಅಕ್ಷರ. ಒಂದು ಕೋಶದಲ್ಲಿ ಮೂರು ಬಿಟ್ಟುಗಳನ್ನು ಇಡಬೇಕಾದರೆ ಎಂಟು ಮಟ್ಟಗಳನ್ನೂ, ನಾಲ್ಕು ಬಿಟ್ಟುಗಳಿಗೆ ಹದಿನಾರು ಮಟ್ಟಗಳನ್ನೂ ಗುರುತಿಸಬೇಕು. ಒಂದೊಂದು ಸಲ ಅಳಿಸಿ ಬರೆದಾಗಲೂ ನಿರೋಧಕದ ಗೋಡೆ ಅಷ್ಟಷ್ಟು ಸವೆಯುತ್ತದೆ. ಹೀಗೆ ಸವೆದ ಭಾಗಗಳನ್ನು ಬದಿಗೊತ್ತಿ ಮೀಸಲಿಟ್ಟ ಭಾಗಗಳನ್ನು ಬಳಕೆಗೆ ತರುವ ಪುಟ್ಟ ನಿಯಂತ್ರಕವೊಂದು ಡಿಸ್ಕಿನಲ್ಲಿಯೇ ಕುಳಿತಿದೆ. ಮೀಸಲು ಎಷ್ಟು ಉಳಿದಿದೆ, ಈವರೆಗೆ ಎಷ್ಟು ಬರೆದಾಯಿತು, ಎಷ್ಟು ಗಂಟೆ ದುಡಿದಾಯಿತು, ಮೈ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಅದು ದಿನಚರಿಯಲ್ಲಿ ಬರೆದಿಡುತ್ತದೆ.

ಈ ದಿನಚರಿಯ ಹೆಸರೇ 'ಸ್ಮಾರ್ಟ್'. 1992ರಲ್ಲಿ ಐಬಿಎಂ ಸಂಸ್ಥೆಯು ತನ್ನ ದೊಡ್ಡ ಗಣಕಗಳ ಡಿಸ್ಕುಗಳಿಗೆ ಕೆಡುವ ಮೊದಲೇ ಎಚ್ಚರಿಸುವ ಏರ್ಪಾಡನ್ನು ಕೊಟ್ಟಿತು. ಕಾಂಪ್ಯಾಕ್ ಸಂಸ್ಥೆಯೂ ಡಿಸ್ಕು ತಯಾರಕರೊಡಗೂಡಿ ಇಂಥದೊಂದನ್ನು ರಚಿಸಿತು. 1990ರ ದಶಕದ ನಡುವಿನಲ್ಲಿ ಇವು ಒಂದುಗೂಡಿ ಎಲ್ಲರೂ ಒಪ್ಪುವ ಪದ್ಧತಿಯಾಯಿತು. ಡಿಸ್ಕನ್ನು ಗಣಕದ ಒಳಗೇ ಜೋಡಿಸಿದ್ದರೆ ಈ ದಿನಚರಿಯನ್ನು ಓದುವುದು ಸುಲಭ. ಅದೇ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯೊಳಗಿಟ್ಟು ತಂತಿಯಿಂದ ಸೇರಿಸಿದಾಗ, ಕಡತಗಳೆಲ್ಲ ಸರಿಯಾಗಿ ಕಾಣಿಸುತ್ತಿದ್ದರೂ, ಆರೋಗ್ಯವನ್ನು ವಿಚಾರಿಸಿದರೆ ಉತ್ತರವೇ ಬಾರದಿರುವುದುಂಟು. ಇದೇಕೆ ಹೀಗೆ?

ಬಳ್ಳಾರಿ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿವೆಯಷ್ಟೆ. ತೆಲುಗು ಮಾತ್ರ ಬಲ್ಲ ರೋಗಿಯೊಬ್ಬನು ಕನ್ನಡ ಮಾತ್ರ ಬಲ್ಲ ವೈದ್ಯನ ಬಳಿಗೆ ಬಂದನೆಂದು ಭಾವಿಸೋಣ. ನಡುವೆ ನಿಂತ ದುಭಾಷಿಗೆ ಸಂತೆಯ ತೆಲುಗು ಮಾತ್ರ ಗೊತ್ತು: 'ಇದನ್ನು ಕೊಡು', 'ಇದನ್ನು ತೆಗೆದುಕೋ', 'ಎಷ್ಟಿದೆ?' ಇಷ್ಟರಿಂದ ವ್ಯಾಪಾರವು ನಡೆದೀತು. 'ಎದೆಯಲ್ಲಿ ನೋವಿದೆಯೆ?' ಎಂದು ವೈದ್ಯನು ಕೇಳಿದರೆ ದುಭಾಷಿ ಸುಮ್ಮನಾಗುತ್ತಾನೆ. ರೋಗಿ ಮೂಕನಲ್ಲ, ವೈದ್ಯನು ಕಿವುಡನೂ ಅಲ್ಲ.

ಯುಎಸ್‌ಬಿ ಪೆಟ್ಟಿಗೆಯ ಒಳಗಿರುವ ಸೇತುವೆ ಚಿಪ್ಪು ಇಂಥ ದುಭಾಷಿಯೇ ಸರಿ. ಯುಎಸ್‌ಬಿ ತಂತಿಯ ಮೇಲೆ ಗಣಕವು ಆಡುವುದು 'ಸ್ಕಸಿ' ಎಂಬ ಆಜ್ಞೆಗಳ ಭಾಷೆ. ಸಾಟಾ ಡಿಸ್ಕಿಗೆ ತಿಳಿಯುವುದು 'ಎಟಿಎ' ಎಂಬ ಇನ್ನೊಂದು ಭಾಷೆ. ಓದು, ಬರೆ, ನಿನ್ನ ಗಾತ್ರವೆಷ್ಟು ಎಂಬ ಆಜ್ಞೆಗಳನ್ನು ಸೇತುವೆಯು ಕೂಡಲೇ ಅನುವಾದಿಸುತ್ತದೆ. ಆದರೆ ಎಟಿಎ ಭಾಷೆಯ ಸ್ಮಾರ್ಟ್ ಆಜ್ಞೆಗೆ ಸ್ಕಸಿಯಲ್ಲಿ ತಕ್ಕ ಪದವಿರಲಿಲ್ಲ. ಆರಂಭದಲ್ಲಿ ಸೈಪ್ರಸ್, ಸನ್‌ಪ್ಲಸ್, ಜೆಮೈಕ್ರಾನ್ ಮೊದಲಾದ ಚಿಪ್ಪಿನ ತಯಾರಕರು ತಮಗೆ ತೋಚಿದ ಗುಟ್ಟಿನ ಆಜ್ಞೆಗಳನ್ನು ಒಬ್ಬೊಬ್ಬರೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದರು. ಕೊನೆಗೆ 'ಸ್ಯಾಟ್' ಎಂಬ ಅನುವಾದದ ನಿಯಮಾವಳಿ 2007ರಲ್ಲಿ ಪ್ರಕಟವಾಯಿತು. ಅದರ ಉಪಾಯವು ಬಹು ಸರಳ. ಅನುವಾದವೇ ಬೇಡ, ಎಟಿಎ ಆಜ್ಞೆಯನ್ನು ಲಕೋಟೆಯಲ್ಲಿಟ್ಟು, ಮೇಲೆ ಸ್ಕಸಿಯ ವಿಳಾಸ ಬರೆದು, 'ಒಡೆಯದೆ ಒಳಕ್ಕೆ ತಲುಪಿಸು' ಎಂದು ಸೇತುವೆಗೆ ಹೇಳುವುದು! ಈ ಲಕೋಟೆ 12 ಬೈಟುಗಳದೊಂದು, 16 ಬೈಟುಗಳದೊಂದು ಎಂದು ಎರಡು ಬಗೆ. ಚಿಕ್ಕ ಲಕೋಟೆಯ ಗುರುತುಸಂಖ್ಯೆಯು ಸೀಡಿ ಬರೆಯುವ ಯಂತ್ರಗಳ ಭಾಷೆಯಲ್ಲಿ 'ಎಲ್ಲವನ್ನೂ ಅಳಿಸು' ಎಂಬರ್ಥ ಕೊಡುತ್ತದೆಯಾದುದರಿಂದ ಬಲ್ಲವರು ದೊಡ್ಡದನ್ನೇ ಆರಿಸುತ್ತಾರೆ. ಲಕೋಟೆ ತಲುಪಿತೆಂದರೆ ಡಿಸ್ಕು 512 ಬೈಟುಗಳ ಒಂದು ಪುಟವನ್ನು ಮರಳಿಸುತ್ತದೆ. ಅದರಲ್ಲಿ ಮೂವತ್ತು ಲಕ್ಷಣಗಳಿಗೆ ಸ್ಥಳವುಂಟು.

ಈಚಿನ ಎನ್‌ವಿಎಮ್‌ಇ ಡಿಸ್ಕುಗಳಲ್ಲಿ ಕಥೆ ಮತ್ತೆ ಮೊದಲಿನಿಂದ ಆರಂಭವಾಯಿತು. ಇವುಗಳ ಭಾಷೆ ಎಟಿಎ ಅಲ್ಲ. ಸ್ಯಾಟ್ ಲಕೋಟೆ ಇಲ್ಲಿ ನಡೆಯದು. ಯುಎಸ್‌ಬಿ ಸೇತುವೆಗಳಿಗೆ ಸರ್ವಸಮ್ಮತವಾದ ಬೇರೆ ಲಕೋಟೆ ರೂಢಿಗೆ ಬರುವ ಮೊದಲೇ ಪೆಟ್ಟಿಗೆಗಳು ಮಾರುಕಟ್ಟೆಯನ್ನು ತುಂಬಿದ್ದವು. ಜೆಮೈಕ್ರಾನ್, ರಿಯಲ್‌ಟೆಕ್, ಎಎಸ್‌ಮೀಡಿಯ ಎಂಬ ಮೂವರು ತಯಾರಕರದು ಮೂರು ಗುಟ್ಟುಭಾಷೆ. ಒಂದು ಪೀಳಿಗೆಯ ಹಿಂದೆ ಕಲಿತ ಪಾಠವನ್ನು ತಯಾರಕರು ಇಷ್ಟು ಬೇಗ ಮರೆತದ್ದು ನಮಗೆ ಸೋಜಿಗವಾಗಿ ತೋರುತ್ತದೆ.

ಈ ಭಾಷೆಗಳನ್ನೆಲ್ಲ ಕಲಿತ ಒಂದು ಕ್ರಮವಿಧಿ ಇದೆ; ಅದರ ಹೆಸರು 'ಸ್ಮಾರ್ಟ್‌ಮಾನ್‌ಟೂಲ್ಸ್'. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕಿ ಶಾಖೆಯಲ್ಲಿದ್ದ ಭೌತವಿಜ್ಞಾನಿ ಬ್ರೂಸ್ ಅಲೆನ್ ಗುರುತ್ವ ತರಂಗಗಳ ಶೋಧನೆಗಾಗಿ ನೂರಾರು ಗಣಕಗಳ ಸಮೂಹವೊಂದನ್ನು ನಡೆಸುತ್ತಿದ್ದರು. ಅಷ್ಟು ಡಿಸ್ಕುಗಳಿದ್ದಲ್ಲಿ ಒಂದಲ್ಲ ಒಂದು ಕೆಡುತ್ತಲೇ ಇರುವುದು ಸಹಜ. ಯಾವುದು ಕೆಡಲಿದೆಯೆಂದು ಮೊದಲೇ ತಿಳಿಯಬೇಕೆಂಬ ಅಗತ್ಯದಿಂದ, ಹಿಂದೆ ಮೈಕೇಲ್ ಕಾರ್ನ್‌ವೆಲ್ ರಚಿಸಿದ್ದ ಕ್ರಮವಿಧಿಯೊಂದನ್ನು ಬೆಳೆಸಿ ಅವರು ಇದನ್ನು 2002ರಲ್ಲಿ ಹೊರತಂದರು. ಇದು ಉಚಿತ. ಲಿನಕ್ಸ್, ವಿಂಡೋಸ್ ಎರಡರಲ್ಲಿಯೂ ನಡೆಯುತ್ತದೆ. ಪೆಟ್ಟಿಗೆಯೊಳಗಿನ ಚಿಪ್ಪನ್ನು ಅದು ಗುರುತಿಸದಿದ್ದರೆ, ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂದು ನಾವೇ ಸೂಚಿಸಬಹುದು. ವಿಂಡೋಸ್ ಬಳಸುವವರಿಗೆ 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಎಂಬುದು ಇನ್ನೂ ಸುಲಭ. ಯಾವುದರಿಂದಲೂ ಉತ್ತರ ಬಾರದಿದ್ದರೆ ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು ಗಣಕಕ್ಕೆ ನೇರವಾಗಿ ಜೋಡಿಸಿ ಕೇಳಬೇಕು. ದುಭಾಷಿಯ ಮೌನವನ್ನು ರೋಗಿಯ ಸ್ವಾಸ್ಥ್ಯವೆಂದು ಭ್ರಮಿಸಲಾಗದು.

ಇನ್ನು ದೊರೆತ ಉತ್ತರವನ್ನು ಓದುವ ಬಗೆ. ಸಾಟಾ ಡಿಸ್ಕುಗಳಲ್ಲಿ ಆಯುಷ್ಯದ ಅಂಕಿಯು ಸಾಮಾನ್ಯವಾಗಿ 100ರಿಂದ ಕೆಳಗಿಳಿಯುತ್ತದೆ; ಎನ್‌ವಿಎಮ್‌ಇ ಡಿಸ್ಕುಗಳಲ್ಲಿ 'ಬಳಸಿದ ಶೇಕಡಾ' ಎಂಬುದು ಸೊನ್ನೆಯಿಂದ ಮೇಲೇರುತ್ತದೆ, 100ನ್ನು ದಾಟಲೂಬಹುದು. ಒಂದರಲ್ಲಿ 97 ಎಂದರೆ ಯೌವನ, ಇನ್ನೊಂದರಲ್ಲಿ ಮುಪ್ಪು! ಸಾಟಾದಲ್ಲಿ ಒಂದೇ ಲಕ್ಷಣಸಂಖ್ಯೆಗೆ ಬೇರೆಬೇರೆ ತಯಾರಕರು ಬೇರೆಬೇರೆ ಅರ್ಥವನ್ನಿಟ್ಟಿರುವುದೂ ಉಂಟು. ಎನ್‌ವಿಎಮ್‌ಇ ತನ್ನ ಉಷ್ಣತೆಯನ್ನು ಕೆಲ್ವಿನ್ ಮಾನದಲ್ಲಿ ಹೇಳುತ್ತದೆ. ಕ್ರಮವಿಧಿಯು ಅದರಿಂದ 273ನ್ನು ಕಳೆದು ನಮಗೆ ತೋರಿಸುತ್ತದೆ. ಬರೆದ ಮೊತ್ತದ ಒಂದು ಏಕಮಾನವೆಂದರೆ 5,12,000 ಬೈಟು. ಡಿಸ್ಕು 2 ಕೋಟಿ ಏಕಮಾನಗಳೆಂದು ಹೇಳಿದರೆ, ಈವರೆಗೆ 10.24 ಟೆರಾಬೈಟು ಬರೆದಾಗಿದೆಯೆಂದು ತಿಳಿಯಬೇಕು.

ಇದು ಹೆಚ್ಚೆ? 500 ಗಿಗಾಬೈಟಿನ ಡಿಸ್ಕಿಗೆ 300 ಟೆರಾಬೈಟಿನಷ್ಟು ಬರೆಹದ ಭರವಸೆಯನ್ನು ಕೊಡುವ ತಯಾರಕರಿದ್ದಾರೆ. ನಮ್ಮ ಛಾಯಾಗ್ರಾಹಕನು ವರ್ಷವಿಡೀ ದಿನಕ್ಕೆ 50 ಗಿಗಾಬೈಟಿನಂತೆ ತುಂಬಿದರೂ ಅಲ್ಲಿಗೆ ಮುಟ್ಟಲು 6000 ದಿನಗಳು, ಅಂದರೆ ಸುಮಾರು ಹದಿನಾರು ವರ್ಷಗಳು ಬೇಕು. ಹೀಗಿರಲು, ಎಲ್ಲರೂ ಮೊದಲು ನೋಡುವ ಸವೆತದ ಅಂಕಿಗಿಂತ, ಕಡೆಗಣಿಸಲ್ಪಡುವ ಬೇರೆ ಅಂಕಿಗಳೇ ಹಳ್ಳಿಯ ಬಳಕೆಯಲ್ಲಿ ಹೆಚ್ಚು ಮಾತಾಡುತ್ತವೆ ಎಂಬುದು ನಮ್ಮ ಅಭಿಪ್ರಾಯ. 'ಅಸುರಕ್ಷಿತ ನಿಲುಗಡೆ' ಎಂಬುದು ಅವುಗಳಲ್ಲೊಂದು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ, ಇಲ್ಲವೆ ಯಾರೋ ತಂತಿಯನ್ನು ಕಿತ್ತರೆ, ಈ ಅಂಕಿ ಒಂದೊಂದಾಗಿ ಏರುತ್ತದೆ. ಬೇಗಬೇಗನೆ ಏರುತ್ತಿದ್ದರೆ ಸಡಿಲವಾದ ತಂತಿಯನ್ನೋ ನಮ್ಮ ಅಭ್ಯಾಸವನ್ನೋ ಬದಲಿಸಬೇಕು. 'ಮಾಧ್ಯಮದೋಷ' ಎಂಬ ಅಂಕಿಯು ಸೊನ್ನೆಯಲ್ಲದಿದ್ದರೆ, ಓದಿದ ಅಕ್ಷರವನ್ನು ಸರಿಪಡಿಸಲು ನಿಯಂತ್ರಕಕ್ಕೆ ಸಾಧ್ಯವಾಗದ ಪ್ರಸಂಗವು ಒಮ್ಮೆಯಾದರೂ ಬಂದಿದೆಯೆಂದು ಅರ್ಥ. ಅಂದೇ ಎಲ್ಲವನ್ನೂ ಬೇರೆಡೆಗೆ ನಕಲು ಮಾಡತಕ್ಕದ್ದು.

ದಿನಚರಿಯು ಸ್ವಚ್ಛವಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಗೂಗಲ್ ಸಂಸ್ಥೆಯವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಟ್ಟ ಡಿಸ್ಕುಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಫ್ಲ್ಯಾಶ್ ಡಿಸ್ಕುಗಳ ಬಗೆಗೆ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್ಲಿನ ಸಂಗಡಿಗರು ಆರು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಹೇಳಿದ್ದೇನೆಂದರೆ, ಇವು ಹಾರ್ಡ್ ಡಿಸ್ಕಿಗಿಂತ ಕಡಿಮೆ ಸಲ ಬದಲಾಯಿಸಲ್ಪಡುತ್ತವೆಯಾದರೂ ಸರಿಪಡಿಸಲಾಗದ ದೋಷಗಳು ಇವುಗಳಲ್ಲಿ ಹೆಚ್ಚು. ಮೇಲಾಗಿ, ಎಷ್ಟು ಬರೆದೆವೆಂಬುದನ್ನು ಬದಿಗಿಟ್ಟು ನೋಡಿದರೂ ಡಿಸ್ಕಿನ ವಯಸ್ಸು ತನ್ನಷ್ಟಕ್ಕೆ ಪರಿಣಾಮ ಬೀರುತ್ತದೆ.

ದಿನಚರಿಯಲ್ಲಿ ಬರೆಯಲಾರದ ಸಂಗತಿಯೊಂದು ಬಳ್ಳಾರಿ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ವಿದ್ಯುತ್ತಿಲ್ಲದೆ ಕಪಾಟಿನಲ್ಲಿ ಮಲಗಿರುವ ಡಿಸ್ಕಿನ ನಿಯಂತ್ರಕವು ಏನನ್ನೂ ಎಣಿಸದು. ಆದರೂ ಕೋಶಗಳಿಂದ ಎಲೆಕ್ಟ್ರಾನುಗಳು ಮೆಲ್ಲಮೆಲ್ಲನೆ ಸೋರುತ್ತಲೇ ಇರುತ್ತವೆ, ಸೆಕೆ ಹೆಚ್ಚಿದಷ್ಟೂ ವೇಗವಾಗಿ. ಅರೆವಾಹಕ ತಯಾರಕರ ಒಕ್ಕೂಟವಾದ ಜೆಡೆಕ್‌ನ ನಿಯಮದಂತೆ, ಮನೆಬಳಕೆಯ ಡಿಸ್ಕು ತನ್ನ ಬರೆಹದ ಆಯುಷ್ಯವನ್ನು ಪೂರ್ತಿ ಸವೆಸಿದ ಮೇಲೂ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶವನ್ನು ಉಳಿಸಿಕೊಳ್ಳಬೇಕು. ಹೊಸ ಡಿಸ್ಕಿನಲ್ಲಿ ಈ ಅವಧಿ ಇದಕ್ಕಿಂತ ಬಹಳ ದೀರ್ಘ. ಆದರೆ ರೂಪನಗುಡಿಯ ಬೇಸಿಗೆಯು 30 ಡಿಗ್ರಿಯದಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ, ತಗಡಿನ ಮಾಡಿನ ಕೆಳಗಿನ ಕಪಾಟಿನಲ್ಲಿ ಇನ್ನೂ ಹೆಚ್ಚು. ಹಳೆಯ ಡಿಸ್ಕನ್ನು ಅಲ್ಲಿ ವರ್ಷಗಟ್ಟಲೆ ಮರೆತಿಡುವುದಕ್ಕಿಂತ, ಮನೆಯ ತಂಪಾದ ಮೂಲೆಯಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಗಣಕಕ್ಕೆ ಜೋಡಿಸಿ, ಕಡತಗಳನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿಸುವುದು ಒಳ್ಳೆಯದು. ದಿನಚರಿಯ ಅಂಕಿಗಳನ್ನು ಆಗಲೇ ತಾರೀಖಿನೊಡನೆ ಒಂದು ಕಾಗದದಲ್ಲಿ ಬರೆದಿಟ್ಟರೆ, ಮುಂದಿನ ಸಲ ಹೋಲಿಸಿ ನೋಡಲು ಬರುತ್ತದೆ. ಮದುವೆಯ ಚಿತ್ರಗಳ ಎರಡನೆಯ ಪ್ರತಿಯು ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ, ಇರಲಿ.